ನಲವತ್ತೆರಡನೇ ಮೋಟಾರಿಗೆ ಒಣ ಪೆಟ್ರೋಲ್

ಬೆಳಿಗ್ಗೆ ಐದೂಮುಕ್ಕಾಲು. ದೋಣಿಯ ಹಿಂಬದಿಯ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮೆಕ್ಯಾನಿಕ್ ಅಕ್ಕ ಹೊಸ ಮೋಟಾರಿನ ಹಗ್ಗ ಎಳೆಯುತ್ತಾರೆ. ಒಂದೇ ಎಳೆತಕ್ಕೆ ಎಂಜಿನ್ ಓಡತೊಡಗುತ್ತದೆ. ಪಕ್ಕದ ತೂತಿನಿಂದ ನೀರಿನ ಸಣ್ಣ ಎಳೆಯೊಂದು ಚಿಮ್ಮುತ್ತದೆ. ಎಂಜಿನ್ ಒಳಗೆ ತಂಪು ನೀರು ಸುತ್ತುತ್ತಿದೆ ಎನ್ನಲು ಅದೇ ಗುರುತು. ಏಳು ವಾರಗಳಲ್ಲಿ ಈ ಜೆಟ್ಟಿಯ ನಲವತ್ತೊಂದು ದೋಣಿಗಳಿಂದ ಹಳೆಯ ಟೂ ಸ್ಟ್ರೋಕ್ ಮೋಟಾರ್ ಕಳಚಿ, ಫೋರ್ ಸ್ಟ್ರೋಕ್ ಕೂರಿಸಿದ ಕೈಗೆ ಇದು ನಲವತ್ತೆರಡನೆಯದು, ಕೊನೆಯದು, ಅದರಲ್ಲೂ ಸ್ವಂತ ಅಣ್ಣನ ದೋಣಿಯದು. ಅಬ್ಬಾ, ಮುಗಿಯಿತು ಎಂದು ಅಕ್ಕ ಉಸಿರು ಬಿಡಬೇಕು, ಅಷ್ಟರಲ್ಲಿ ಮೋಟಾರಿನ ಹಿಂದೆ ನೀಲಿ ಹೊಗೆ ಏಳುತ್ತದೆ.

ಈ ಮೋಟಾರಿಗೆ ಹೊಗೆ ಬರಬಾರದು. ಹೊಗೆ ಬರಬಾರದು ಎಂದೇ ಅಲ್ಲವೇ ಇಷ್ಟೆಲ್ಲ ಪಾಡು! ಅಕ್ಕ ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಮೂಗು ಹತ್ತಿರ ಒಯ್ದು ಒಮ್ಮೆ ಮೂಸುತ್ತಾರೆ. ಆಮೇಲೆ ಜೆಟ್ಟಿಯ ಮೇಲಿನ ಮೆಟ್ಟಿಲಿನತ್ತ ತಿರುಗಿ ಕೂಗಿದ ಕೂಗಿಗೆ ಕಂಬದ ಮೇಲೆ ಕೂತಿದ್ದ ಎರಡು ಕೊಕ್ಕರೆ ಎದ್ದು ಹೋಗುತ್ತವೆ.

"ಅಣ್ಣಾ!"

ಅಣ್ಣ ಮೇಲೆಯೇ ಇದ್ದಾನೆ. ಚಹಾದ ಲೋಟ ಹಿಡಿದು ಆಚೆ ದಡದ ಕಡೆ ಏನೋ ಬಹಳ ಮುಖ್ಯವಾದದ್ದನ್ನು ನೋಡುವವನ ಹಾಗೆ ನಿಂತಿದ್ದಾನೆ.

"ಏನು ಸುರಿದೆ ಇದಕ್ಕೆ?"

"ಏನಿಲ್ಲ."

"ಏನಿಲ್ಲದೆ ಹೊಗೆ ಬರುತ್ತಾ?"

"ಚೂರು ಆಯಿಲ್."

"ಎಷ್ಟು ಚೂರು?"

"ಅರ್ಧ ಲೀಟರ್."

ಇಪ್ಪತ್ತೈದು ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಆಯಿಲ್ ಎಂದರೆ ಚೂರಲ್ಲ, ಹಳೆಯ ಮೋಟಾರಿಗೆ ಹಾಕುತ್ತಿದ್ದ ಪೂರ್ತಿ ಅಳತೆ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಆ ಆಯಿಲೇ ಒಳಗಿನ ಪಿಸ್ಟನ್ನಿಗೆ ಜಾರಿಕೆ. ಫೋರ್ ಸ್ಟ್ರೋಕಿಗೆ ಆಯಿಲ್ ಬೇರೆ ಕಡೆ ಇರುತ್ತದೆ, ಪೆಟ್ರೋಲ್ ಶುದ್ಧವಾಗಿಯೇ ಇರಬೇಕು. ಇದನ್ನು ಅಕ್ಕ ಅಣ್ಣನಿಗೆ ನಿನ್ನೆ ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಅವನು ಗೋಣು ಆಡಿಸಿದ್ದಾನೆ.

"ಪಾಪ ಕಣೇ," ಎನ್ನುತ್ತಾನೆ ಅಣ್ಣ, ಮೆಟ್ಟಿಲಿಳಿಯುತ್ತ. "ಹೊಸಾ ಎಂಜಿನ್ನು. ಒಣ ಪೆಟ್ರೋಲ್ ಕುಡಿದು ಸತ್ತುಹೋಗಲ್ವಾ? ಬೆಳಗಿನ ಜಾವ ಎದ್ದು ಬಂದು ಹಾಕಿದೆ. ನೀನು ಬೈತೀಯ ಅಂತ ಹೇಳಲಿಲ್ಲ."

ಅಕ್ಕ ತಲೆಯ ಮೇಲೆ ಕೈ ಹೊತ್ತು ಹಲಗೆಯ ಮೇಲೆ ಕೂತುಬಿಡುತ್ತಾರೆ. ಹತ್ತು ಗಂಟೆಗೆ ಜಲಾಶಯದ ಕಚೇರಿಯ ಇನ್‌ಸ್ಪೆಕ್ಟರ್ ಬರುತ್ತಾರೆ. ಕುಡಿಯುವ ನೀರಿನ ಈ ಜಲಾಶಯದಲ್ಲಿ ಇನ್ನು ಟೂ ಸ್ಟ್ರೋಕ್ ಮೋಟಾರ್ ಓಡುವಂತಿಲ್ಲ ಎಂದು ಆದೇಶ ಬಂದಿದೆ. ಹಳೆಯ ಮೋಟಾರ್ ಒಪ್ಪಿಸುವವರಿಗೆ ಕಚೇರಿಯೇ ಹೊಸದು ಕೊಟ್ಟಿದೆ. ತಪಾಸಣೆಗೆ ಇವತ್ತೇ ಕೊನೆಯ ದಿನ. ನೀರಿನ ಮೇಲೆ ಆಯಿಲಿನ ಪೊರೆ ಕಂಡರೆ, ಹೊಗೆ ಕಂಡರೆ, ಸೀಲು ಬೀಳುವುದಿಲ್ಲ. ಸೀಲು ಬೀಳದ ದೋಣಿಯ ಪರವಾನಗಿ ಅಲ್ಲಿಗೆ ಮುಗಿಯಿತು. ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಆಚೆ ದಡಕ್ಕೆ ಜನ ಸಾಗಿಸುವ ಸರದಿ ಬೇರೆಯವರ ಕೈಗೆ ಹೋಗುತ್ತದೆ. ಹದಿನಾರನೇ ವಯಸ್ಸಿನಿಂದ ಐವತ್ತೈದರವರೆಗೆ ಆ ದಡಕ್ಕೆ ಹೋಗುವುದು, ಈ ದಡಕ್ಕೆ ಬರುವುದು ಬಿಟ್ಟು ಬೇರೇನೂ ಮಾಡದ ಮನುಷ್ಯ ಅಣ್ಣ.

"ನಾಲ್ಕು ಗಂಟೆ ಇದೆ," ಎನ್ನುತ್ತಾರೆ ಅಕ್ಕ. "ಟ್ಯಾಂಕ್ ಇಳಿಸು. ಬಾಯಿ ಮುಚ್ಕೊಂಡು ಇಳಿಸು."

ಅಣ್ಣ ಟ್ಯಾಂಕ್ ಇಳಿಸುತ್ತಾನೆ. ಬಾಯಿ ಮಾತ್ರ ಮುಚ್ಚುವುದಿಲ್ಲ. "ಅಷ್ಟಕ್ಕೆಲ್ಲಾ ಯಾಕೇ ಹಾರಾಡ್ತೀಯ, ಒಣಪೆಟ್ರೋಲ್?"

ಅಕ್ಕ ತಟ್ಟನೆ, ಪೇಪರಿಗೆ ಬರೆದುಕೊಳ್ಳುತ್ತ ನಿಂತವರ ಕಡೆ ತಿರುಗುತ್ತಾರೆ. "ನೋಡಿ, ಈಗ ಅವನು ಕರೆದನಲ್ಲ, ಆ ಹೆಸರು ಮಾತ್ರ ಪೇಪರಿನಲ್ಲಿ ಹಾಕಬೇಡಿ. ಮೆಕ್ಯಾನಿಕ್ ಅಂತ ಹಾಕಿ, ಅಕ್ಕ ಅಂತ ಹಾಕಿ, ಏನಾದರೂ ಹಾಕಿ. ಅದೊಂದು ಬೇಡ."

ಜೆಟ್ಟಿಯಿಂದ ಎಪ್ಪತ್ತು ಹೆಜ್ಜೆ ಮೇಲೆ ಅಕ್ಕನ ಶೆಡ್ಡು. ತಗಡಿನ ಮಾಡು, ಹತ್ತಡಿಗೆ ಹನ್ನೆರಡಡಿ, ಒಂದೇ ಕಿಟಕಿ. ಒಳಗೆ ಒಂದು ಕೆಲಸದ ಮೇಜು, ಬಿಡಿಭಾಗ ಬಿಗಿದು ಹಿಡಿಯಲು ಅದಕ್ಕೆ ಕಚ್ಚಿಸಿದ ವೈಸು, ಗೋಡೆಯ ಮೊಳೆಗಳಿಗೆ ಅಳತೆವಾರು ತೂಗುಬಿದ್ದ ಸ್ಪ್ಯಾನರುಗಳು. ಬಾಗಿಲ ಪಕ್ಕ ಇನ್ನೂರು ಲೀಟರಿನ ನೀಲಿ ಡ್ರಮ್ಮಿದೆ. ರಿಪೇರಿಯಾದ ಮೋಟಾರನ್ನು ಅದರ ನೀರಿನಲ್ಲಿ ಇಳಿಸಿ ಓಡಿಸಿ ನೋಡುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಪಿಸ್ಟನ್ ಇದೆ. ಮುಷ್ಟಿಗಾತ್ರದ್ದು, ಮೈಯೆಲ್ಲ ಉದ್ದುದ್ದ ಗೀರು. ಅದರ ಕತೆ ಆಮೇಲೆ.

ದಿನಕ್ಕೆ ಹನ್ನೊಂದು ಗಂಟೆ ಇಲ್ಲಿ ಕೆಲಸ. ಈ ಏಳು ವಾರಗಳಲ್ಲಿ ಹದಿನಾಲ್ಕಕ್ಕೇರಿದೆ. ಮೋಟಾರ್ ಬದಲಿಸುವುದೆಂದರೆ ಹಳೆಯದನ್ನು ಎತ್ತಿ ಬಿಸಾಕಿ ಹೊಸದನ್ನು ನೇತುಹಾಕುವುದು ಎಂದು ಆದೇಶ ಬರೆದವರು ಅಂದುಕೊಂಡಿರಬೇಕು. ಹಳೆಯದು ನಲವತ್ತೆಂಟು ಕಿಲೋ, ಹೊಸದು ಅರವತ್ತೆರಡು. ಆ ಹದಿನಾಲ್ಕು ಕಿಲೋಗೆ ದೋಣಿಯ ಹಿಂಬದಿ ನೀರಿನಲ್ಲಿ ಕುಳಿತುಬಿಡುತ್ತದೆ, ಮೂತಿ ಮೇಲೇಳುತ್ತದೆ. ಹಾಗಾಗಿ ಟ್ಯಾಂಕನ್ನು ಮುಂದಕ್ಕೆ ತರಬೇಕು, ಲಂಗರನ್ನು ಮುಂದಕ್ಕೆ ತರಬೇಕು, ಪೈಪಿನ ಉದ್ದ ಬದಲಿಸಬೇಕು. ಹಳೆಯ ಬೋಲ್ಟಿನ ತೂತು ಹೊಸದಕ್ಕೆ ಸರಿಹೊಂದುವುದಿಲ್ಲ. ಒಂದೊಂದು ದೋಣಿಗೆ ನಾಲ್ಕು ಹಳೆಯ ತೂತಿಗೆ ಮರದ ಬೆಣೆ ಹೊಡೆದು ಅಂಟು ತುಂಬಬೇಕು, ನಾಲ್ಕು ಹೊಸದು ಕೊರೆಯಬೇಕು. ಒಟ್ಟು ನೂರ ಅರವತ್ತೆಂಟು ತೂತು ಮುಚ್ಚಿ, ನೂರ ಅರವತ್ತೆಂಟು ತೂತು ಕೊರೆದಿದ್ದಾರೆ. ಐದು ದೋಣಿಗಳ ಹಿಂಬದಿಯ ಹಲಗೆಯೇ ಕೊಳೆತಿತ್ತು. ಅದು ಬೇರೆ ಕೆಲಸ.

"ಅದೆಲ್ಲ ಕಷ್ಟ ಅಲ್ಲ," ಎನ್ನುತ್ತಾರೆ ಅಕ್ಕ, ಟ್ಯಾಂಕಿನ ಪೆಟ್ರೋಲನ್ನು ಡಬ್ಬಕ್ಕೆ ಬಗ್ಗಿಸುತ್ತ. "ಮೋಟಾರು ಹೇಳಿದ ಮಾತು ಕೇಳುತ್ತೆ. ಜನ ಕೇಳಲ್ಲ. ನನಗೆ ತಲೆ ಚಿಟ್ಟು ಹಿಡಿದಿರೋದು ಜನರಿಂದ."

ಲೆಕ್ಕ ಕೇಳಿದರೆ ಬೆರಳು ಮಡಚಿ ಹೇಳುತ್ತಾರೆ. ನಲವತ್ತೊಂದು ಜನರಲ್ಲಿ ಹತ್ತೊಂಬತ್ತು ಮಂದಿ ಹೊಸ ಮೋಟಾರಿನ ಪೆಟ್ರೋಲಿಗೆ ಅಭ್ಯಾಸಬಲದಿಂದ ಆಯಿಲ್ ಬೆರೆಸಿದ್ದಾರೆ. ನಾಲ್ಕು ಮಂದಿ ಸಾಗಿಸುವಾಗ ಮೋಟಾರನ್ನು ತಪ್ಪು ಮಗ್ಗುಲಿಗೆ ಮಲಗಿಸಿ, ಒಳಗಿನ ಆಯಿಲೆಲ್ಲ ಸಿಲಿಂಡರಿಗೆ ನುಗ್ಗಿಸಿದ್ದಾರೆ. ಹಳೆಯದನ್ನು ಯಾವ ಮಗ್ಗುಲಿಗಾದರೂ ಎಸೆಯಬಹುದಿತ್ತು. ಇದು ಒಂದು ಮಗ್ಗುಲಿಗೆ ಮಾತ್ರ ಮಲಗುತ್ತದೆ. ಕೊನೆಗೆ ಅಕ್ಕ ಬಿಳಿ ಪೇಂಟು ತಂದು ಒಂದೊಂದು ಮೋಟಾರಿನ ಮೈಮೇಲೂ 'ಈ ಕಡೆ ಮಲಗಿಸಬೇಡಿ' ಎಂದು ಬರೆದರು. ಮಾರನೆಯ ದಿನವೇ ಒಬ್ಬ ಬಂದು, "ಅಕ್ಕಾ, ಬರೆದಿರೋ ಕಡೆ ಮಲಗಿಸಬಾರದಾ, ಬರೆಯದೆ ಇರೋ ಕಡೆ ಮಲಗಿಸಬಾರದಾ?" ಎಂದು ಕೇಳಿದನಂತೆ.

ಮಾತಿನ ನಡುವೆ ಅಕ್ಕನ ಸೊಂಟದ ಫೋನು ಹೊಡೆದುಕೊಳ್ಳುತ್ತದೆ. ಕೈಯೆಲ್ಲ ಪೆಟ್ರೋಲ್. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕುತ್ತಾರೆ.

"ಅಕ್ಕಾ, ಹೊಗೇನೇ ಬರ್ತಿಲ್ಲ."

"ಬರಬಾರದು ಕಣಪ್ಪ."

"ಸದ್ದೂ ಇಲ್ಲ."

"ಇರಬಾರದು."

"ಮತ್ತೆ ಓಡ್ತಿದೆ ಅಂತ ಹೇಗೆ ಗೊತ್ತಾಗಬೇಕು?"

"ದೋಣಿ ಮುಂದೆ ಹೋಗ್ತಿದೆಯಾ?"

"ಹೋಗ್ತಿದೆ."

"ಹಾಗಾದ್ರೆ ಓಡ್ತಿದೆ. ಫೋನ್ ಇಡು."

ದಿನಕ್ಕೆ ಇಂಥವು ಇಪ್ಪತ್ತೈದು, ಮೂವತ್ತು. ಇದರಲ್ಲಿ ಅರ್ಧ ಜನ ಓಡುತ್ತಿರುವ ಎಂಜಿನ್ನಿನ ಹಗ್ಗವನ್ನೇ ಮತ್ತೆ ಮತ್ತೆ ಎಳೆದು, ಸ್ಟಾರ್ಟೇ ಆಗುತ್ತಿಲ್ಲ ಎಂದು ಬೈದು ಫೋನ್ ಮಾಡಿದವರು. ದೂರು ದೋಣಿಯವರದಷ್ಟೇ ಅಲ್ಲ. ಆಚೆ ದಡದ ಆರೋಗ್ಯ ಕೇಂದ್ರದ ನರ್ಸಮ್ಮ ಮೊನ್ನೆ ಶೆಡ್ಡಿನವರೆಗೆ ಹತ್ತಿ ಬಂದು ತರಾಟೆಗೆ ತೆಗೆದುಕೊಂಡರಂತೆ. ಮೊದಲು ಮೋಟಾರಿನ ಸದ್ದು ಕೇಳಿ ಚೀಲ ಹೆಗಲಿಗೆ ಹಾಕಿ ಹೊರಟರೆ ದೋಣಿ ಸಿಗುತ್ತಿತ್ತು. ಈಗ ಅದು ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋಗುತ್ತದೆ. "ಒಂದು ಹಾರ್ನ್ ಹಾಕಿಕೊಟ್ಟೆ," ಎನ್ನುತ್ತಾರೆ ಅಕ್ಕ. "ಈಗ ಹಾರ್ನ್ ಜಾಸ್ತಿ ಹೊಡೀತಾರೆ ಅಂತ ದೂರು."

ಏಳು ಗಂಟೆ. ಟ್ಯಾಂಕ್ ಖಾಲಿಯಾಗಿದೆ. ಅಕ್ಕ ಅದಕ್ಕೆ ಶುದ್ಧ ಪೆಟ್ರೋಲ್ ಹಾಕಿ ಕುಲುಕಿ ಡಬ್ಬಕ್ಕೆ ಸುರಿದು, ಮತ್ತೆ ಹಾಕಿ ಕುಲುಕುತ್ತಾರೆ. ಪೈಪು ಬಿಚ್ಚಿ ಊದುತ್ತಾರೆ. ಮೋಟಾರಿನ ಟೋಪಿ, ಅಂದರೆ ಮೇಲಿನ ಮುಚ್ಚಳ, ತೆಗೆದು, ಕಾರ್ಬುರೇಟರಿನ ತಳದ ತಿರುಪು ಸಡಿಲಿಸಿ ಒಳಗಿದ್ದದ್ದನ್ನು ಬಸಿಯುತ್ತಾರೆ. ಎರಡು ಪ್ಲಗ್ಗುಗಳನ್ನು ಕಳಚಿ ಬೆಳಕಿಗೆ ಹಿಡಿದರೆ ಎರಡೂ ಕಪ್ಪಗೆ ಒದ್ದೆ. ಅಣ್ಣ ಸ್ಪ್ಯಾನರ್ ಕೊಡುತ್ತ, ತೆಗೆದುಕೊಳ್ಳುತ್ತ ಪಕ್ಕದಲ್ಲೇ ಇದ್ದಾನೆ. ಹನ್ನೆರಡನೇ ನಂಬರ್ ಕೇಳಿದರೆ ಹತ್ತನೆಯದು ಕೊಡುತ್ತಾನೆ.

ಅಣ್ಣನ ದೋಣಿ ಕೊನೆಗೆ ಉಳಿದದ್ದು ಸುಮ್ಮನೆ ಅಲ್ಲ. ಮೊದಲನೇ ವಾರ ಗಾಳಿ ಜಾಸ್ತಿ ಎಂದ. ಎರಡನೇ ವಾರ ಸೊಂಟ ನೋವು. ಮೂರನೇ ವಾರ ನರ್ಸಮ್ಮನಿಗೆ ಅರ್ಜೆಂಟು. ಆಮೇಲೆ ನೆಪಗಳೂ ಮುಗಿದು, ಅಕ್ಕ ಶೆಡ್ಡಿನಿಂದ ಇಳಿದು ಬರುವುದು ಕಂಡರೆ ದೋಣಿ ಬಿಚ್ಚಿಕೊಂಡು ನೀರಿನ ಮಧ್ಯಕ್ಕೆ ಹೋಗಿಬಿಡುತ್ತಿದ್ದ. ನಿನ್ನೆ ಅವನ ಹೆಂಡತಿಯೇ ಬೆಳಿಗ್ಗೆ ದೋಣಿಯ ಹಗ್ಗಕ್ಕೆ ಬೀಗ ಹಾಕಿ, ಕೀಲಿಯನ್ನು ನಾದಿನಿಯ ಕೈಗೆ ಕೊಟ್ಟಳು. ಆಗಲೇ ಹಳೆಯ ಮೋಟಾರ್ ಕೆಳಗಿಳಿದದ್ದು. ಈಗ ಅದು ಶೆಡ್ಡಿನ ಮೂಲೆಯ ಮರದ ಸ್ಟ್ಯಾಂಡಿನ ಮೇಲಿದೆ. ಅಣ್ಣ ತನ್ನ ಕಂಬಳಿ ತಂದು ಅದಕ್ಕೆ ಹೊದಿಸಿದ್ದಾನೆ.

ಆ ಮೋಟಾರಿನ ಕತೆಯೇ ಅಕ್ಕನ ಕತೆ. ಮೂವತ್ತೊಂದು ವರ್ಷದ ಹಿಂದೆ ಅದು ಅಪ್ಪನದಾಗಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಹತ್ತೊಂಬತ್ತರ ಮಗಳದು. ಜೆಟ್ಟಿಯಲ್ಲಿ ಆಗಿನಿಂದಲೂ ಒಂದು ಪದ್ಧತಿ ಇದೆ: ಆಯಿಲ್ ಬೆರೆಸಿಯಾದ ಕ್ಯಾನಿನ ಹಿಡಿಗೆ ಕೆಂಪು ಬಟ್ಟೆ ಕಟ್ಟುವುದು. ಬಟ್ಟೆ ಇಲ್ಲದ್ದು ಒಣ ಪೆಟ್ರೋಲ್, ಅದನ್ನು ಯಾರೂ ಮುಟ್ಟುವುದಿಲ್ಲ. ಆವತ್ತು ಆಕೆ ಹೇಗೂ ಬೆರೆಸುತ್ತೇನಲ್ಲ ಎಂದು ಬಟ್ಟೆಯನ್ನು ಮೊದಲೇ ಕಟ್ಟಿದರು. ಆಯಿಲ್ ಡಬ್ಬ ತೆಗೆಯುವ ಹೊತ್ತಿಗೆ ಅಮ್ಮ ಕರೆದರು. ಹೋಗಿ ಬರುವಷ್ಟರಲ್ಲಿ ಕೆಂಪು ಬಟ್ಟೆ ನೋಡಿ ಅಣ್ಣ ಕ್ಯಾನ್ ಎತ್ತಿಕೊಂಡು ಹೋಗಿಯಾಗಿತ್ತು. ದೋಣಿಯಲ್ಲಿ ಅವನ ಜೊತೆ, ಮದುವೆಯಾಗಿ ಆರು ದಿನವಾಗಿದ್ದ ಹೆಂಡತಿ.

ನೀರಿನ ನಟ್ಟನಡುವೆ ಎಂಜಿನ್ ಸೀಜಾಯಿತು. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡಿತು. ದೋಣಿಯಲ್ಲಿ ಹುಟ್ಟು ಒಂದೇ ಇತ್ತು, ಗಾಳಿ ಜೋರಿತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ, ಒಂಬತ್ತು ಗಂಟೆ ಬಿಸಿಲಲ್ಲಿ ತೇಲಿ, ಇಬ್ಬರೂ ದೂರದ ಬಂಡೆಗಳ ಹತ್ತಿರ ದಡ ಸೇರಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಷ್ಟು ಹೊತ್ತು ಈ ದಡದಲ್ಲಿ ಅಪ್ಪ ನಿಂತಿದ್ದ ರೀತಿ ಅಕ್ಕನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರನೆಯ ದಿನದಿಂದ ಅವರ ಹೆಸರು ಜೆಟ್ಟಿಯಲ್ಲಿ ಒಣಪೆಟ್ರೋಲ್ ಎಂದಾಯಿತು. ಹುಟ್ಟಿದಾಗ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ.

"ಅಪ್ಪ ಹನ್ನೊಂದು ದಿನ ಮಾತಾಡಲಿಲ್ಲ. ಮೋಟಾರನ್ನ ಮೂಲೆಗೆ ಹಾಕಿಬಿಟ್ಟರು," ಎನ್ನುತ್ತಾರೆ ಅಕ್ಕ. "ನಾನೇ ಕೆಡಿಸಿದ್ದು, ಇನ್ನು ಕೆಡಿಸೋಕೆ ಏನು ಉಳಿದಿದೆ ಅಂತ ಬಿಚ್ಚಿದೆ. ಬಿಚ್ಚಿದ್ದನ್ನೆಲ್ಲ ಹಳೇ ಸೀರೆ ಮೇಲೆ ಸಾಲಾಗಿ ಇಟ್ಟೆ. ಯಾವುದು ಯಾವುದರ ಪಕ್ಕ ಇತ್ತು ಅಂತ ಚಿತ್ರ ಬರೆದುಕೊಂಡೆ. ಐದು ತಿಂಗಳು ಹಿಡೀತು."

ಪೇಟೆಯ ಲೇತ್ ಅಂಗಡಿಯವನು ಹುಡುಗಿಯೊಬ್ಬಳು ಸಿಲಿಂಡರ್ ಹೊತ್ತು ತಂದದ್ದು ನೋಡಿ ನಕ್ಕನಂತೆ. ಆದರೂ ಅದರ ಒಳಮೈ ಕೊರೆದು ಬೋರ್ ಮಾಡಿಕೊಟ್ಟ. ಹೊಸ ಪಿಸ್ಟನ್ ಬಂತು. ಮೋಟಾರ್ ಮತ್ತೆ ಓಡಿದ ದಿನ ಸದ್ದು ಕೇಳಿ ಅಪ್ಪ ಬಂದು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, "ಪ್ಲಗ್ ಗ್ಯಾಪ್ ಜಾಸ್ತಿ ಇದೆ" ಎಂದಷ್ಟೇ ಹೇಳಿ ಹೋದರು. ಅದನ್ನೇ ಹೊಗಳಿಕೆ ಎಂದುಕೊಂಡು ಅಕ್ಕ ಮೆಕ್ಯಾನಿಕ್ ಆದರು. ಆಮೇಲೆ ಮೂವತ್ತೊಂದು ವರ್ಷ ಆ ಮೋಟಾರ್ ಒಂದು ದಿನವೂ ನೀರಿನ ಮಧ್ಯೆ ನಿಂತಿಲ್ಲ. ಕಿಟಕಿಯ ಕಟ್ಟೆಯ ಮೇಲಿರುವ ಗೀರುಬಿದ್ದ ಪಿಸ್ಟನ್ ಹಳೆಯದು, ಆವತ್ತು ಕಚ್ಚಿಕೊಂಡದ್ದು.

ಅಕ್ಕನ ಗಂಡ ಟೈಲರ್. ಮೋಟಾರುಗಳಿಗೆ ದಪ್ಪ ಬಟ್ಟೆಯ ಹೊದಿಕೆ ಹೊಲಿದುಕೊಡುವುದೂ ಅವರೇ. ಹೆಂಡತಿಯ ಬಗ್ಗೆ ಎರಡು ಮಾತು ಹೇಳಿ ಎಂದರೆ ಸೂಜಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಮದುವೆಯಾದ ಹೊಸದರಲ್ಲಿ ಇವಳ ಕೈಯ ಪೆಟ್ರೋಲ್ ವಾಸನೆಗೆ ನಿದ್ದೆ ಬರ್ತಿರಲಿಲ್ಲ. ಈಗ ವಾಸನೆ ಇಲ್ಲದಿದ್ರೆ ಬರಲ್ಲ."

ಎಂಟೂವರೆಗೆ ಅತ್ತಿಗೆ ಮೆಟ್ಟಿಲಿಳಿದು ಬರುತ್ತಾಳೆ, ತಿಂಡಿಯ ಡಬ್ಬಿಯ ಜೊತೆ. ಗಂಡ ಹಿಡಿದ ಒದ್ದೆ ಬಟ್ಟೆ, ನಾದಿನಿಯ ಗಂಟುಮುಖ, ಖಾಲಿ ಟ್ಯಾಂಕ್ ನೋಡಿದ ಮೇಲೆ ಆಕೆಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ.

"ಆಯಿಲ್ ಹಾಕಿದ್ರಾ?"

"ಒಂಚೂರು," ಎನ್ನುತ್ತಾನೆ ಅಣ್ಣ.

"ಕ್ಯಾನಿಗೆ ಕೆಂಪು ಬಟ್ಟೆ ಕಟ್ಟಿದ್ರಾ?"

ಅಣ್ಣ ಕೈಯನ್ನು ಜೇಬಿನ ಕಡೆ ಒಯ್ಯುತ್ತಾನೆ. ಕಟ್ಟಿದ್ದರೆ ಸಿಕ್ಕಿಬೀಳುತ್ತಿದ್ದ, ಅದಕ್ಕೇ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದಾನೆ. ಅದರ ಕೆಂಪು ತುದಿ ಈಗಲೂ ಜೇಬಿನಿಂದ ಇಣುಕುತ್ತಿದೆ.

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಗುತ್ತಾಳೆ. "ಸರಿಹೋಯ್ತು ಬಿಡಿ. ಅವತ್ತು ಅವಳು ಆಯಿಲ್ ಹಾಕದೆ ಬಟ್ಟೆ ಕಟ್ಟಿದ್ಲು. ಇವತ್ತು ನೀವು ಬಟ್ಟೆ ಕಟ್ಟದೆ ಆಯಿಲ್ ಹಾಕಿದ್ರಿ. ಮೂವತ್ತೊಂದು ವರ್ಷದಿಂದ ಒಣಪೆಟ್ರೋಲ್, ಒಣಪೆಟ್ರೋಲ್ ಅಂತ ಪಾಪ ಅವಳನ್ನ ಗೋಳು ಹೊಯ್ಕೊಂಡ್ರಲ್ಲ, ಈಗ ನಿಮಗೇನು ಹೆಸರಿಡೋಣ?"

ಅಣ್ಣನ ಕಿವಿ ಕೆಂಪಾಗುತ್ತದೆ. ಅಕ್ಕ ನಗುವುದಿಲ್ಲ. ನಗಲು ಪುರಸೊತ್ತಿಲ್ಲ ಎಂಬಂತೆ ಪ್ಲಗ್ಗಿಗೆ ಬ್ರಷ್ ಹಾಕಿ ಉಜ್ಜುತ್ತಾರೆ. ಆದರೂ ಬಾಯಿಯ ಒಂದು ತುದಿ ತಡೆಯಲಾರದೆ ಅಲುಗುತ್ತದೆ.

ನೀರಿನ ಮೇಲೆ ಕಳೆದ ಆ ಒಂಬತ್ತು ಗಂಟೆಯ ಬಗ್ಗೆ ಅತ್ತಿಗೆಗೆ ಏನನ್ನಿಸುತ್ತದೆ? ಆಕೆಯೊಬ್ಬಳೇ ಆಗ ಬೈಯಲಿಲ್ಲ ಎಂದು ಅಕ್ಕ ಆಗಲೇ ಹೇಳಿದ್ದಾರೆ. "ಬೈಯೋದು ಯಾಕೆ?" ಎನ್ನುತ್ತಾಳೆ ಅತ್ತಿಗೆ. "ಇವರು ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ದು ಅಂದ್ರೆ ಆ ಒಂಬತ್ತು ಗಂಟೆ. ದಡ ಸೇರಿದ ಮೇಲೆ ಎಲ್ಲಿ ಮಾತಾಡಿದ್ದಾರೆ? ಬರೀ ಮೋಟಾರಿನ ಸುದ್ದಿ."

ಒಂಬತ್ತೂ ಇಪ್ಪತ್ತು. ಮೋಟಾರಿಗೆ ಮತ್ತೆ ಟೋಪಿ ಬಿದ್ದಿದೆ. ಅಕ್ಕ ಹಗ್ಗ ಎಳೆಯುತ್ತಾರೆ. ಹೊಗೆ. ಒಳಗೆ ಉಳಿದ ಆಯಿಲ್ ಉರಿದು ಮುಗಿಯುವವರೆಗೆ ಬರುತ್ತದೆ, ಗೊತ್ತಿದ್ದದ್ದೇ. ಆದರೆ ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಐದು ನಿಮಿಷ ಕಳೆಯುತ್ತದೆ, ಹತ್ತು ನಿಮಿಷ. ಅಣ್ಣ ನಿಂತಲ್ಲಿ ನಿಲ್ಲಲಾರದೆ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಾನೆ. ಇಪ್ಪತ್ತನೇ ನಿಮಿಷಕ್ಕೆ ಹೊಗೆ ತೆಳುವಾಗಿ, ಇಪ್ಪತ್ತೈದಕ್ಕೆ ಇಲ್ಲವಾಗುತ್ತದೆ. ಅಕ್ಕ ಎಂಜಿನ್ ನಿಲ್ಲಿಸಿ, ಅದರ ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ, ದೋಣಿಯನ್ನು ಇಪ್ಪತ್ತಡಿ ಆಚೆಗೆ ಎಳೆದು ಕಟ್ಟುತ್ತಾರೆ. ಮೊದಲಿದ್ದ ಜಾಗದ ನೀರಿನ ಮೇಲೆ ಪೊರೆ ಇದೆ. ಸಾಹೇಬರ ಕಣ್ಣಿಗೆ ಅದು ಬೀಳಬಾರದು. ಸಾಲದ್ದಕ್ಕೆ ಹೀರುವ ಬಟ್ಟೆ ಹಾಸಿ ಆ ಪೊರೆಯನ್ನೂ ಎತ್ತುತ್ತಾರೆ. ಕುಡಿಯುವ ನೀರಲ್ಲವೇ!

ಹತ್ತಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬರುತ್ತಾರೆ. ಮೋಟಾರಿನ ನಂಬರ್ ನೋಡಿ, ಬೋಲ್ಟ್ ಅಲುಗಾಡಿಸಿ, ಓಡುವ ಎಂಜಿನ್ನಿನ ಹಿಂದೆ ಬಿಳಿ ಕರವಸ್ತ್ರವನ್ನು ನೀರಿಗೆ ಅದ್ದಿ ಎತ್ತುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ. ಬಿಳಿಯಾಗಿಯೇ ಇದೆ. "ಇದು ಸರಿ. ತುಂಬಿದ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬರೋಣ," ಎನ್ನುತ್ತಾರೆ. ಕಾದಿದ್ದ ಜನ ಹತ್ತುತ್ತಾರೆ. ಅಕ್ಕ, ಅತ್ತಿಗೆ, ಸಾಹೇಬರು ಸೇರಿ ಹನ್ನೆರಡಾಗುತ್ತದೆ. ಅಣ್ಣ ಹಿಡಿಕೆ ಹಿಡಿಯುತ್ತಾನೆ.

ಮೊದಲ ಹತ್ತು ನಿಮಿಷ ಎಲ್ಲ ಸುಗಮ. ನೀರಿನ ಮಧ್ಯ ಎದುರಿಗೆ ಅಲೆಯೊಂದು ಬಂದಾಗ ಅಣ್ಣ ವೇಗ ತಗ್ಗಿಸುತ್ತಾನೆ. ಎಂಜಿನ್ನಿನ ಇದ್ದ ಸಣ್ಣ ಸದ್ದೂ ಗಾಳಿಯಲ್ಲಿ ಮುಚ್ಚಿಹೋಗುತ್ತದೆ. ಅಣ್ಣನ ಮುಖದ ಬಣ್ಣವೇ ಇಳಿಯುತ್ತದೆ. ಹಿಡಿಕೆ ಬಿಟ್ಟ ಕೈ ಪಕ್ಕದ ಹುಟ್ಟಿಗೆ ಹೋಗುತ್ತದೆ. ಇನ್‌ಸ್ಪೆಕ್ಟರ್ ಮುಂದಿನಿಂದ ತಿರುಗಿ ನೋಡುತ್ತಾರೆ.

"ನಿಂತುಹೋಯ್ತು ಕಣೇ," ಎನ್ನುತ್ತಾನೆ ಅಣ್ಣ, ತಂಗಿಗೆ ಮಾತ್ರ ಕೇಳುವ ಹಾಗೆ. "ಅವತ್ತಿನ ಹಾಗೇ ನಿಂತುಹೋಯ್ತು. ನೀನು ಹೇಳಿದ್ದನ್ನೇ ಕೇಳಿ ಒಣ ಪೆಟ್ರೋಲ್..."

ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಅಕ್ಕನ ನಾಲಿಗೆಯ ತುದಿಗೆ ಬರುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಅಣ್ಣನ ಕೈ ಕಾಣುತ್ತದೆ. ಇದಕ್ಕೇ ಕಾದಿದ್ದಂತೆ ಅದು ಆಗಲೇ ಹುಟ್ಟನ್ನು ನೀರಿಗಿಳಿಸಿ ಎಳೆಯುತ್ತಿದೆ. ಮೂವತ್ತೊಂದು ವರ್ಷ ಹೆಸರಿಟ್ಟು ಗೇಲಿ ಮಾಡಿದ ಮನುಷ್ಯ, ಅಷ್ಟೂ ವರ್ಷ ಒಳಗೊಳಗೇ ಹೆದರಿಕೊಂಡೇ ದೋಣಿ ಓಡಿಸಿದ್ದಾನೆ ಎಂದು ಅಕ್ಕನಿಗೆ ಗೊತ್ತಾಗುವುದು ಆಗ. ಬೈಗುಳ ಅಲ್ಲೇ ಉಳಿಯುತ್ತದೆ.

"ನಿಂತಿಲ್ಲಣ್ಣ. ಮೋಟಾರಿನ ಮೇಲೆ ಕೈ ಇಡು."

ಅಣ್ಣ ಕೈ ಇಡುತ್ತಾನೆ. ಟೋಪಿಯ ಕೆಳಗೆ ಎಂಜಿನ್ ಒಂದೇ ಸಮನೆ ಮಿಡಿಯುತ್ತಿದೆ. ಪಕ್ಕದಲ್ಲಿ ನೀರಿನ ಎಳೆ ಚಿಮ್ಮುತ್ತಲೇ ಇದೆ. ಅವನು ಅಂಗೈ ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ಕೂರುತ್ತಾನೆ. ಆಮೇಲೆ ಹುಟ್ಟನ್ನು ಕೆಳಗಿಟ್ಟು, ಹಿಡಿಕೆ ತಿರುಗಿಸುತ್ತಾನೆ. ದೋಣಿ ಅಲೆ ದಾಟಿ ಮುಂದೆ ಹೋಗುತ್ತದೆ. ಎದುರು ದಡದಲ್ಲಿ ನರ್ಸಮ್ಮ ಚೀಲ ಹಿಡಿದು ನಿಂತಿದ್ದಾರೆ. "ಹಾರ್ನ್ ಹೊಡೆಯೋಕೆ ಏನು ಬಂದಿತ್ತು?" ಎಂದು ದೋಣಿ ತಾಗುವ ಮೊದಲೇ ಶುರು ಮಾಡುತ್ತಾರೆ.

ಮರಳಿ ಬಂದಾಗ ಹನ್ನೊಂದೂಕಾಲು. ಕಾಗದಕ್ಕೆ ಸೀಲು ಬೀಳಲು ಇನ್ನೊಂದು ಕೆಲಸ ಬಾಕಿ. ಹಳೆಯ ಮೋಟಾರ್ ಮತ್ತೆ ಯಾರದಾದರೂ ದೋಣಿಗೆ ಏರಬಾರದೆಂದು ಅದರ ಸಿಲಿಂಡರಿಗೆ ಸಾಹೇಬರ ಕಣ್ಣೆದುರೇ ತೂತು ಕೊರೆಯಬೇಕು. ನಲವತ್ತೊಂದಕ್ಕೆ ಕೊರೆದಾಗಿದೆ. ಅಕ್ಕ ಶೆಡ್ಡಿನ ಮೂಲೆಗೆ ಹೋಗಿ ಕಂಬಳಿ ತೆಗೆದು, ಮಡಚಿ, ಅಣ್ಣನ ಕೈಗೆ ಕೊಡುತ್ತಾರೆ. ಡ್ರಿಲ್ ಕೈಗೆತ್ತಿಕೊಳ್ಳುತ್ತಾರೆ.

"ನಾನು ನೋಡಲ್ಲ," ಎನ್ನುತ್ತಾನೆ ಅಣ್ಣ.

"ನೋಡಬೇಡ. ಅಲುಗಾಡದ ಹಾಗೆ ಹಿಡ್ಕೋ."

ಅವನು ಮುಖ ತಿರುಗಿಸಿ, ಎರಡೂ ತೋಳಿನಿಂದ ಮೋಟಾರನ್ನು ಅಪ್ಪಿ ಹಿಡಿಯುತ್ತಾನೆ. ಮೂರು ನಿಮಿಷದ ಕೆಲಸ. ಬಿಳಿ ಲೋಹದ ಸುರುಳಿಗಳು ಅಕ್ಕನ ಪಾದದ ಮೇಲೆ ಉದುರುತ್ತವೆ. ಸಂಕಟ ಆಗಲಿಲ್ಲವೇ ಎಂದು ಆಮೇಲೆ ಕೇಳಿದರೆ ರೇಗುತ್ತಾರೆ. "ಆಗದೆ ಇರುತ್ತಾ? ನನಗೆ ಕೆಲಸ ಕಲಿಸಿದ್ದೇ ಅದು. ಆದರೆ ಅದು ಉಗುಳಿದ ಆಯಿಲೆಲ್ಲ ಹೋಗಿದ್ದು ಎಲ್ಲಿಗೆ? ನಾವೆಲ್ಲ ಕುಡಿಯೋ ನೀರಿಗೆ ತಾನೇ?"

ಸೀಲು ಬೀಳುತ್ತದೆ. ಇನ್‌ಸ್ಪೆಕ್ಟರ್ ಕೈ ಮುಗಿದು ಹೊರಡುತ್ತಾರೆ. ನಲವತ್ತೆರಡು ದೋಣಿಗೆ ಮೋಟಾರ್ ಕೂರಿಸಿದವರು ಯಾರು ಎಂದು ಅವರ ಕಾಗದದಲ್ಲಿ ಬರೆಯುವ ಜಾಗವೇ ಇಲ್ಲ. ಅಕ್ಕನಿಗೆ ಅದರ ಬಗ್ಗೆ ಬೇಸರವಿಲ್ಲ. ಇನ್ನು ಏನು ಆಸೆ ಎಂದರೆ, ಯೋಚಿಸಿ ಹೇಳುತ್ತಾರೆ: "ಒಂದು ದಿನ, ಒಂದೇ ಒಂದು ದಿನ, ಹೊಗೆ ಬರ್ತಿಲ್ಲ ಅಂತ ಯಾರೂ ಫೋನ್ ಮಾಡಬಾರದು."

ಮಧ್ಯಾಹ್ನದ ಸರದಿಗೆ ಅಣ್ಣ ಖಾ‍ಲಿ ಕ್ಯಾನ್ ಹಿಡಿದು ಶೆಡ್ಡಿನ ಬಾಗಿಲಿಗೆ ಬರುತ್ತಾನೆ. ಅಕ್ಕ ಪೆಟ್ರೋಲ್ ತುಂಬಿಕೊಡುತ್ತಾರೆ. ಅವನ ಕಣ್ಣು ಮೇಜಿನ ಮೇಲಿನ ಆಯಿಲ್ ಡಬ್ಬಕ್ಕೆ ಹೋಗುತ್ತದೆ, ಕೈಯೂ ಅರ್ಧ ದೂರ ಹೋಗುತ್ತದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಾರೆ. ಕೈ ವಾಪಸು ಬಂದು ಜೇಬಿಗಿಳಿದು, ಕೆಂಪು ಬಟ್ಟೆಯನ್ನು ಹೊರತೆಗೆಯುತ್ತದೆ.

"ತಗೋ. ಇನ್ನು ನನಗೆ ಇದರ ಕೆಲಸ ಇಲ್ಲ," ಎನ್ನುತ್ತಾನೆ. ಎರಡು ಹೆಜ್ಜೆ ಹೋದವನು ತಿರುಗಿ ನಿಂತು, ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುತ್ತಾನೆ. "ಹಳೇ ಮೋಟಾರನ್ನ ನೀನು ಚೆನ್ನಾಗಿ ಮಾಡಿಕೊಟ್ಟಿದ್ದೆ ಕಣೇ."

ಅವನು ಮೆಟ್ಟಿಲಿಳಿದು ಮರೆಯಾಗುವವರೆಗೂ ಅಕ್ಕ ನೋಡಿ, ಕೆಂಪು ಬಟ್ಟೆಯಿಂದ ಬೆರಳು ಬೆರಳು ಬಿಡಿಸಿ ಕೈ ಒರೆಸಿಕೊಳ್ಳುತ್ತಾರೆ. ಕಣ್ಣನ್ನೂ ಒಮ್ಮೆ ಒರೆಸಿಕೊಂಡು, ಕಣ್ಣಿಗೆ ಪೆಟ್ರೋಲ್ ಹೋಯಿತು ಎಂದು ತಮಗೆ ತಾವೇ ಬೈದುಕೊಳ್ಳುತ್ತಾರೆ. ಬಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ, ಗೀರುಬಿದ್ದ ಪಿಸ್ಟನ್ನಿನ ಪಕ್ಕ ಇಡುತ್ತಾರೆ. ಹೊರಟ ಪೇಪರಿನವರನ್ನು ಬಾಗಿಲವರೆಗೆ ಕಳಿಸಲು ಬಂದವರು, ಹೊಸ್ತಿಲಲ್ಲಿ ನಿಂತು ಬೆಳಗಿನ ಮಾತನ್ನು ತಾವೇ ತೆಗೆಯುತ್ತಾರೆ.

"ಆ ಹೆಸರು ಬೇಡ ಅಂದಿದ್ದೆನಲ್ಲ? ಹಾಕಿ ಪರವಾಗಿಲ್ಲ. ದೊಡ್ಡದಾಗಿಯೇ ಹಾಕಿ. ಇವತ್ತಿಂದ ಈ ಜೆಟ್ಟಿಯ ನಲವತ್ತೆರಡು ದೋಣಿಯೂ ಒಣ ಪೆಟ್ರೋಲಲ್ಲೇ ಓಡ್ತವೆ."